ಇಪ್ಪತ್ತೈದನೆಯ ತೊಟ್ಟಿ

ಸೆಕಿನೊ, ನಿಗಾತಾ
೨೦೦೯, ಫೆಬ್ರವರಿ ೯, ಸೋಮವಾರ

ರಿತ್ಸು,

ಮೊದಲು ಹಿಮದ ಬಗ್ಗೆ ಎರಡು ಸಾಲು, ಆಮೇಲೆ ಆರೋಗ್ಯದ ಬಗ್ಗೆ ಎರಡು ಸಾಲು, ಅದಾದ ಮೇಲೆಯೇ ವಿಷಯ ಎಂದು ನಮಗಿಬ್ಬರಿಗೂ ಒಬ್ಬರೇ ಮೇಷ್ಟ್ರು ಕಲಿಸಿದ್ದರು. ಆ ನಾಲ್ಕು ಸಾಲನ್ನೂ ಬರೆದಿದ್ದೇನೆ ಎಂದೇ ತಿಳಿದುಕೋ. ಒಂಬತ್ತು ವರ್ಷ ಮಾತು ಬಿಟ್ಟವರು ಹಿಮದ ಮಾತಾಡಿದರೆ ನನಗೇ ನಗು ಬರುತ್ತದೆ.

ನಾನು ಕಿನುಯೊ. ಲಕೋಟೆಯ ಮೇಲಿನ ಸೊಟ್ಟ ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ಹರಿದು ಒಲೆಗೆ ಹಾಕದೆ ಇಲ್ಲಿಯವರೆಗೆ ಓದಿದ್ದೀಯ ಎಂದರೆ ಪೂರ್ತಿ ಓದಿಬಿಡು.

ನಮ್ಮ ಜಲಸಸ್ಯ ಬಳಗದ ಸ್ಪರ್ಧೆ ಈ ವರ್ಷ ಮುಚ್ಚಿಹೋಗುವ ಹಾಗಿದೆ. ನೀನೂ ನಾನೂ ನನ್ನ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ನಿಯಮ ಬರೆದೆವಲ್ಲ, ಅದೇ ಸ್ಪರ್ಧೆ. ಗಾಜಿನ ತೊಟ್ಟಿಯಲ್ಲಿ ಕಲ್ಲು, ಕೊರಡು, ಗಿಡ ಜೋಡಿಸಿ ನೀರೊಳಗೆ ಒಂದು ತೋಟ ಮಾಡಬೇಕು, ಎದುರಿನಿಂದ ಒಂದೇ ಒಂದು ಫೋಟೋ ತೆಗೆದು ಕಳಿಸಬೇಕು, ಹೊರಗಿನಿಂದ ಬಂದ ಮೂವರು ತೀರ್ಪು ಕೊಡಬೇಕು. ಹೋದ ವರ್ಷ ಬಂದ ಫೋಟೋ ಹದಿನಾಲ್ಕು. ಸಭಾಭವನದ ಮುಖ್ಯಸ್ಥ ತಕಿಜಾವಾ-ಸಾನ್ ನನ್ನನ್ನು ಕರೆಸಿ ಚಹಾ ಕೊಟ್ಟರು. ಅವರು ಚಹಾ ಕೊಟ್ಟರೆಂದರೆ ಕೆಟ್ಟ ಸುದ್ದಿಯೇ.

"ಇಗರಾಶಿ-ಸಾನ್, ಅಷ್ಟು ದೊಡ್ಡ ಗೋಡೆ, ಹದಿನಾಲ್ಕೇ ಫೋಟೋ. ಭಣಗುಟ್ತಿತ್ತು. ಈ ಸಲ ಇಪ್ಪತ್ತೈದು ಆಗ್ಲಿಲ್ಲ ಅಂದ್ರೆ ಜುಲೈ ಭಾನುವಾರನ ಕರಾಓಕೆ ಹಾಡಿನ ಸಂಘಕ್ಕೆ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರಲ್ಲ, ಉರಿದುಹೋಯಿತು. ತಕಿಜಾವಾ-ಸಾನ್ ಹೆಂಡತಿಯೇ ಕರಾಓಕೆ ಸಂಘದ ಅಧ್ಯಕ್ಷೆ. ಅವಳ ಗಂಟಲು ನಿನಗೆ ಗೊತ್ತಲ್ಲ.

ಈ ಊರಿನಲ್ಲಿ ತೊಟ್ಟಿ ಇಲ್ಲದಿದ್ದರೆ ಮಾತು ಬೇರೆ. ನಾಲ್ಕು ತಿಂಗಳು ಕಿಟಕಿಯ ಹೊರಗೆ ಬರೀ ಬಿಳಿ ನೋಡುವ ಜನ ನಾವು. ಮನೆಯೊಳಗೆ ಎರಡು ಅಡಿ ಹಸಿರು ಇಟ್ಟುಕೊಳ್ಳದವರು ಯಾರಿದ್ದಾರೆ? ಅಂಚೆ ಮಾಸ್ತರು ಒಗುರಾ-ಸಾನ್ ಮನೆಯಲ್ಲಿ ಇದೆ, ದೇವಾಲಯದ ಗುರುಗಳ ಕೋಣೆಯಲ್ಲಿ ಇದೆ, ತೋಫು ಅಂಗಡಿಯಲ್ಲಿ ಇದೆ. ಒಂದಕ್ಕಿಂತ ಒಂದು ಚೆಂದ. ಕಳಿಸಿ ಎಂದರೆ ಎಲ್ಲರ ಬಾಯಲ್ಲೂ ಒಂದೇ ಪದ: "ಅಯ್ಯೋ, ನಂದಾ? ಇನ್ನೂ, ಇನ್ನೂ." ಇನ್ನೂ ಹದಕ್ಕೆ ಬಂದಿಲ್ಲವಂತೆ. ಇಪ್ಪತ್ತು ವರ್ಷ ಗಿಡ ಬೆಳೆಸಿದವರಿಗೂ ಇನ್ನೂ, ತಲೆ ನರೆತವರಿಗೂ ಇನ್ನೂ. ಹೌದು, ಚೆನ್ನಾಗಿದೆ ಎಂದರೆ ಇವರ ನಾಲಿಗೆ ಬಿದ್ದುಹೋಗುತ್ತದೆಯೇ?

ಆ ಪದ ಕೇಳಿದರೆ ನಿನಗೆ ಆಗುವುದಿಲ್ಲ ಎಂದು ಗೊತ್ತು. ಅದರ ಮಾತು ಈಗ ಬೇಡ.

ಸಾದೊ ದ್ವೀಪದಲ್ಲಿಯೂ ನೀನು ತೊಟ್ಟಿ ಇಟ್ಟಿದ್ದೀಯೆಂದು ಹಡಗಿನ ಟಿಕೆಟ್ ಕೊಡುವ ಹುಡುಗಿ ಹೇಳಿದಳು. ಅರ್ಜಿಯನ್ನೂ ವಿಳಾಸ ಅಚ್ಚು ಮಾಡಿದ ಲಕೋಟೆಯನ್ನೂ ಜೊತೆಗಿಟ್ಟಿದ್ದೇನೆ. ಮೇ ಮೂವತ್ತೊಂದು ಕೊನೆಯ ದಿನ. ಕಳಿಸು. ಬಳಗಕ್ಕಾಗಿ ಕೇಳುತ್ತಿದ್ದೇನೆ.

ಕಿನುಯೊ


ರ್‍ಯೋತ್ಸು, ಸಾದೊ ದ್ವೀಪ
ಫೆಬ್ರವರಿ ೨೪

ಸೆಕಿನೊ ಜಲಸಸ್ಯ ಬಳಗದ ಮಾನ್ಯ ಕಾರ್ಯದರ್ಶಿಯವರಿಗೆ,

ಕೊನೆಯ ಹಿಮ ಬೀಳುತ್ತಿರುವ ಈ ದಿನಗಳಲ್ಲಿ ತಾವು ಆರೋಗ್ಯವಾಗಿದ್ದೀರೆಂದು ನಂಬುತ್ತೇನೆ. ನಾವೂ ಕ್ಷೇಮ. ಸಿಂಪಿಯ ಸುಗ್ಗಿ ನಡೆಯುತ್ತಿದೆ. ಬೆಳಗಾಗೆದ್ದು ಸಂಜೆಯವರೆಗೂ ಚಿಪ್ಪು ಒಡೆಯುವ ಕೆಲಸವಿರುವುದರಿಂದ ಉತ್ತರ ತಡವಾಯಿತು.

ತಮ್ಮ ಆಹ್ವಾನಕ್ಕೆ ಕೃತಜ್ಞಳು. ನನ್ನ ತೊಟ್ಟಿಯ ವಿಚಾರದಲ್ಲಿ ತಾವು ಒಮ್ಮೆ ಅಭಿಪ್ರಾಯ ಕೊಟ್ಟಿದ್ದೀರಿ. ಅದನ್ನು ಬದಲಿಸಿದ ಸುದ್ದಿ ನನಗೆ ತಲುಪಿಲ್ಲ. ಆದ್ದರಿಂದ ಭಾಗವಹಿಸಲಾರೆ.

ತಮ್ಮ ಸ್ಪರ್ಧೆ ಯಶಸ್ವಿಯಾಗಲಿ.

ಮಿನೆಗಿಶಿ ರಿತ್ಸು


ಸೆಕಿನೊ
ಮಾರ್ಚ್ ೧೬, ಸೋಮವಾರ

ರಿತ್ಸು,

'ಮಾನ್ಯ ಕಾರ್ಯದರ್ಶಿ'ಯಂತೆ! ಆರು ವರ್ಷ ಒಂದೇ ಬೆಂಚಿನಲ್ಲಿ ಕೂತು ನನ್ನ ಬುತ್ತಿಯ ಉಪ್ಪಿನಕಾಯಿ ಕದ್ದು ತಿಂದವಳು ನನಗೆ 'ತಾವು' ಎನ್ನುತ್ತಾಳೆ. ಓದಿ ಕನ್ನಡಿ ಮುಂದೆ ನಿಂತು ನನಗೆ ನಾನೇ ನಮಸ್ಕಾರ ಮಾಡಿಕೊಂಡೆ.

ಬರುವುದಿಲ್ಲ ಎಂದೆಯಲ್ಲ, ಬಿಡು. ಇಲ್ಲಿ ಏನಾಯಿತು ಎಂದಾದರೂ ಕೇಳು. ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ.

ಫೆಬ್ರವರಿಯ ಕೊನೆಗೆ ನನ್ನ ಕೈಯಲ್ಲಿದ್ದ ಹೆಸರು ನಾಲ್ಕು. ಕ್ಷೌರದಂಗಡಿಯಲ್ಲಿ ಒಂದು ಅನುಕೂಲವಿದೆ. ಮುಖದ ಮೇಲೆ ಬಿಸಿ ಟವೆಲ್ ಇರುವಾಗ ಮನುಷ್ಯ ಎದ್ದು ಓಡಲಾರ. ಒಗುರಾ-ಸಾನ್ ಕುರ್ಚಿಯಲ್ಲಿ ಮಲಗಿದ್ದರು. ಟವೆಲ್ ಹಾಕಿ, "ಮಾಸ್ತರೇ, ನಿಮ್ಮ ತೊಟ್ಟಿ ಈ ಸಲ ಬರ್ಬೇಕು" ಎಂದೆ. ಒಳಗಿಂದ "ಉಂ, ಉಂ" ಎಂದರು. ಒಪ್ಪಿಗೆ ಎಂದುಕೊಂಡೆ. ಟವೆಲ್ ತೆಗೆದರೆ ಅದೇ ರಾಗ.

"ನಂದು ಬಿಡಿ, ಇನ್ನೂ ಇನ್ನೂ. ಆದ್ರೆ ನಮ್ಮ ಕುವಬಾರಾ ತೊಟ್ಟಿ ನೋಡಿದ್ದೀರಾ? ಅಬ್ಬಬ್ಬಾ! ಬರೀ ಗದ್ದೆ ಕಳೆ ಹಾಕಿ ಏನ್ ಮಾಡಿದ್ದಾನೆ ಅಂತೀರಿ! ಅದನ್ನ ಯಾಕ್ರೀ ಕೇಳ್ಲಿಲ್ಲ ನೀವು?"

ಕುವಬಾರಾ-ಸಾನ್ ಶುಕ್ರವಾರ ಬಂದರು. ಐವತ್ತು ವರ್ಷದಿಂದ ಭತ್ತ ಬೆಳೆಯುವ ಮನುಷ್ಯ, ಮಾತು ಕಡಿಮೆ. "ನಂದೆಂಥದು, ಕಿತ್ತು ಬಿಸಾಡೋ ಕಳೆ. ತೋಫು ಅಂಗಡಿ ತಂಜಿ ಅಮ್ಮನ್ನ ಕೇಳು. ಆಕೆ ಪಾಚಿ ಕಟ್ಟಿರೋದು ನೋಡಿದ್ರೆ ಕಣ್ಣು ತಂಪಾಗುತ್ತೆ." ತಂಜಿ ಅಮ್ಮ ಗುರುಗಳ ಹೆಸರು ಹೇಳಿದರು. ಗುರುಗಳು ಒಗುರಾ-ಸಾನ್ ಹೆಸರು ಹೇಳಿದರು!

ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಈ ಜನಕ್ಕೆ ಹೊಗಳಲು ಬಾಯಿ ಇಲ್ಲದೆ ಇಲ್ಲ, ತಮ್ಮದನ್ನು ಹೊಗಳಲು ಬಾಯಿ ಇಲ್ಲ. ಮರುದಿನವೇ ಅರ್ಜಿ ಬದಲಾಯಿಸಿದೆ. ಈಗ ತೊಟ್ಟಿಯ ಒಡೆಯ ಅರ್ಜಿ ಹಾಕುವ ಹಾಗಿಲ್ಲ. ಬೇರೆ ಯಾರಾದರೂ ಹಾಕಬೇಕು, ಆ ತೊಟ್ಟಿ ಏಕೆ ಚೆಂದ ಎಂದು ಒಂದು ಸಾಲು ಬರೆದು ಹೆಸರು ಹಾಕಬೇಕು. ಒಡೆಯ ಕೆಳಗೆ ತನ್ನ ಮೊಹರು ಒತ್ತಿದರೆ ಮುಗಿಯಿತು. ಒತ್ತುವುದಿಲ್ಲ ಎಂದರೆ ಹೊಗಳಿದವನಿಗೆ ಅವಮಾನ ಮಾಡಿದ ಹಾಗೆ. ಅಷ್ಟು ಧೈರ್ಯ ಸೆಕಿನೊದಲ್ಲಿ ಯಾರಿಗಿದೆ? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಒಗುರಾ-ಸಾನ್ ಕುವಬಾರಾ ಬಗ್ಗೆ ಬರೆದದ್ದು ಒಂದು ಸಾಲಲ್ಲ, ಹಿಂದೆ ಮುಂದೆ ಎರಡು ಪುಟ. ಕುವಬಾರಾ-ಸಾನ್ ಅದನ್ನು ಓದಿ ಎದ್ದು ಹೊರಗೆ ಹೋದರು. ಮೊಹರು ಮನೆಯಿಂದ ತರಲು ಹೋಗಿದ್ದರಂತೆ. ಹಿಮದಲ್ಲಿ ನಡೆದು ಹೋಗಿ ನಡೆದು ಬಂದರು. ಅವರ ಮುಖ ನೀನು ನೋಡಬೇಕಿತ್ತು.

ಈಗ ಹದಿನಾರು. ನಮ್ಮ ಊರಿನ ಬಗ್ಗೆ ನನಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಹೊಸ ಅರ್ಜಿ ಇಟ್ಟಿದ್ದೇನೆ. ಬೇಡದಿದ್ದರೆ ಸಿಂಪಿ ಕಟ್ಟಲು ಉಪಯೋಗಿಸು.

ಕಿನುಯೊ


ರ್‍ಯೋತ್ಸು
ಏಪ್ರಿಲ್ ೮

ಕಿನುಯೊ,

ಸಿಂಪಿಯನ್ನು ಕಾಗದದಲ್ಲಿ ಕಟ್ಟುವುದಿಲ್ಲ. ಕ್ಷೌರದವಳಿಗೆ ಅದೆಲ್ಲ ಹೇಗೆ ಗೊತ್ತಿರಬೇಕು.

ನಿನ್ನ ಹೊಸ ಉಪಾಯ ಓದಿ ನನ್ನ ಗಂಡ ನಕ್ಕು ನಕ್ಕು ಚಹಾ ಚೆಲ್ಲಿಕೊಂಡ. "ಈ ಹೆಂಗಸು ಊರಿನ ನಾಡಿ ಹಿಡ್ದಿದ್ದಾಳೆ" ಎಂದ. ನಾನು ನಗಲಿಲ್ಲ. ನನಗೆ ಬೇರೆ ನೆನಪು ಬಂತು.

ನೀನು ಎತ್ತಬೇಡ ಎಂದದ್ದನ್ನು ನಾನೇ ಎತ್ತುತ್ತೇನೆ. ಒಂಬತ್ತು ವರ್ಷದ ಹಿಂದೆ, ಮೊದಲ ಸ್ಪರ್ಧೆಗೆ ಒಂದು ವಾರ ಇರುವಾಗ, ನನ್ನ ತೊಟ್ಟಿಯ ಫೋಟೋ ಹಿಡಿದು ನಿನ್ನ ಅಂಗಡಿಗೆ ಬಂದೆ. ಒಗುರಾ ಕುರ್ಚಿಯಲ್ಲಿದ್ದರು. ಕುವಬಾರಾ ಮತ್ತು ಗುರುಗಳು ಬೆಂಚಿನಲ್ಲಿ ಕಾಯುತ್ತಿದ್ದರು. ನಾನು ಕೇಳಿದ್ದು ನಿನ್ನನ್ನು ಮಾತ್ರ. ನೀನು ಕತ್ತರಿಯನ್ನೂ ಕೆಳಗಿಡದೆ ಫೋಟೋ ನೋಡಿ, ಮೂವರ ಮುಂದೆ, "ಇನ್ನೂ" ಎಂದೆ. ಅವರವರು ತಮ್ಮ ಬಗ್ಗೆ ಹೇಳಿಕೊಂಡರೆ ಅದು ವಿನಯ, ಕಿನು. ಇನ್ನೊಬ್ಬರ ಬಗ್ಗೆ ಹೇಳಿದರೆ ಅದು ತೀರ್ಪು. ಆ ಸಂಜೆಯೇ ತೊಟ್ಟಿಯ ನೀರು ಬಸಿದುಬಿಟ್ಟೆ. ಶರತ್ಕಾಲದಲ್ಲಿ ಗಂಡನ ಊರಿಗೆ ಬಂದುಬಿಟ್ಟೆವು.

ಒಂದು ಪ್ರಶ್ನೆ. ಊರಿನವರನ್ನೆಲ್ಲ ಸ್ಪರ್ಧೆಗೆ ಎಳೆಯುತ್ತಿದ್ದೀಯಲ್ಲ, ನಿನ್ನ ಅಂಗಡಿಯ ಮೂರು ಅಡಿ ತೊಟ್ಟಿ ಈ ಒಂಬತ್ತು ವರ್ಷದಲ್ಲಿ ಎಷ್ಟು ಸಲ ಸ್ಪರ್ಧೆಗೆ ಇಳಿಯಿತು? ಟಿಕೆಟ್ ಹುಡುಗಿ ನನಗೂ ಸುದ್ದಿ ಹೇಳುತ್ತಾಳೆ. ಒಂದು ಸಲವೂ ಇಲ್ಲವಂತೆ. ದಡದಲ್ಲಿ ಕೂತು ಬೇರೆಯವರನ್ನು ನೀರಿಗೆ ತಳ್ಳುತ್ತೀಯ. ಹೇಳೋದು ಆಚಾರ, ಮಾಡೋದು ಅನಾಚಾರ.

ಕೈ ಒಣಗಿಸಿಕೊಂಡು ಬರೆಯುವಷ್ಟರಲ್ಲಿ ಕತ್ತಲಾಯಿತು. ಹೋದ ವಾರ ತೊಟ್ಟಿಯ ಹಿಂದಿನ ಕೆಂಪು ಗಿಡಗಳನ್ನೆಲ್ಲ ಬುಡದ ಹತ್ತಿರಕ್ಕೆ ಕತ್ತರಿಸಿದ್ದೆ. ಎಲೆ ಎತ್ತಿ ಹಾಕುವ ಕೆಲಸ ಬಾಕಿ ಇದೆ.

ರಿತ್ಸು


ಸೆಕಿನೊ
ಏಪ್ರಿಲ್ ೨೭, ಸೋಮವಾರ

ರಿತ್ಸು,

ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಮೂರು ಸಲ ಕೂತೆ. ಬಿದಿರೆಲೆ ಕಡುಬು ಮಾಡುವ ಕಾಲ. ಕೈ ಅಂಟಾಗಿತ್ತು ಎಂದು ನೆಪ ಹೇಳಬಹುದು. ಹೇಳುವುದಿಲ್ಲ. ಉತ್ತರ ಇದೆ, ಬರೆಯಲು ಆಗುತ್ತಿಲ್ಲ.

ಲೆಕ್ಕ ಇಪ್ಪತ್ತೆರಡಕ್ಕೆ ಬಂದು ನಿಂತಿದೆ.

ಒಂದು ಮಾತು ಮಾತ್ರ. ಹಿಂದಿನ ಗಿಡಗಳನ್ನು ಬುಡದ ಹತ್ತಿರಕ್ಕೆ ಕತ್ತರಿಸಿದೆ ಎಂದು ಬರೆದೆ. ನಾನೂ ಕತ್ತರಿಯಿಂದ ಬದುಕುವವಳು, ಮರೆಯಬೇಡ. ಸುಮ್ಮನೆ ಬೆಳೆಸುವವರು ತುದಿ ಕತ್ತರಿಸುತ್ತಾರೆ. ಬುಡದ ಹತ್ತಿರಕ್ಕೆ ಕತ್ತರಿಸುವವರು ಫೋಟೋ ತೆಗೆಯುವವರು ಮಾತ್ರ; ಐದೂವರೆ ವಾರಕ್ಕೆ ಗಿಡ ಪೊದೆಯಾಗಿ ಸರಿಯಾದ ಎತ್ತರಕ್ಕೆ ಬರುತ್ತದೆ. ಎಣಿಸಿ ನೋಡಿದೆ. ಮೇ ಹತ್ತರ ಸುಮಾರಿಗೆ ಬರುತ್ತದೆ.

ಯಾರಿಗಾಗಿ ಕತ್ತರಿಸಿದೆ ಕಣೇ?

ಕಿನುಯೊ


(ಒಂದು ಫೋಟೋ. ಜೊತೆಗೆ ಕಾಗದವಿಲ್ಲ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ:)

ಇನ್ನೂ

ಮಿನೆಗಿಶಿ ರಿತ್ಸು, ರ್‍ಯೋತ್ಸು
ಮೇ ೧೨


ಸೆಕಿನೊ
ಮೇ ೧೮, ಸೋಮವಾರ

ರಿತ್ಸು,

ಕೂತುಕೊಂಡು ಓದು. ಕೈಯಲ್ಲಿ ಸಿಂಪಿ ಒಡೆಯುವ ಚಾಕು ಇದ್ದರೆ ಕೆಳಗಿಡು.

ನೀನು ಫೋಟೋ ಕಳಿಸಿದ್ದು ನನ್ನ ಮುಖಕ್ಕೆ ನನ್ನದೇ ಮಾತು ಎಸೆಯಲು. ಅದು ನನಗೆ ಗೊತ್ತು. ಆದರೆ ಕಳಿಸಿದ್ದು ಯಾವ ಲಕೋಟೆಯಲ್ಲಿ? ದಂಡವಾಗಬಾರದು ಎಂದು, ನಾನು ಇಟ್ಟಿದ್ದ ವಿಳಾಸ ಅಚ್ಚಾದ ಲಕೋಟೆಯಲ್ಲಿ. ಅದು ನನ್ನ ಅಂಗಡಿಗೆ ಬರುವುದಿಲ್ಲ ಕಣೇ, ಸಭಾಭವನಕ್ಕೆ ಹೋಗುತ್ತದೆ! ಅಲ್ಲಿ ಓತಾಕೆ ಎಂಬ ಹೊಸ ಗುಮಾಸ್ತೆ ಇದ್ದಾಳೆ. ತುಂಬ ಅಚ್ಚುಕಟ್ಟು. ಲಕೋಟೆ ಒಡೆದಳು, ಫೋಟೋ ನೋಡಿದಳು, ತಿರುಗಿಸಿ ಓದಿದಳು, ಪಟ್ಟಿಯಲ್ಲಿ ಬರೆದಳು: 'ಇಪ್ಪತ್ತೈದು. ಕೃತಿಯ ಹೆಸರು: ಇನ್ನೂ. ಮಿನೆಗಿಶಿ ರಿತ್ಸು.' ಅಚ್ಚು ಹಾಕಿಸಿ ಫಲಕದ ಮೇಲೆ ಅಂಟಿಸಿದಳು. ಫೋಟೋವನ್ನೂ ಪಕ್ಕದಲ್ಲಿ ಸಿಕ್ಕಿಸಿದಳು. ಶನಿವಾರ ನಾನು ಹೋಗಿ ನೋಡುವಷ್ಟರಲ್ಲಿ ಅರ್ಧ ಊರು ಅದರ ಮುಂದೆ ನಿಂತಿತ್ತು.

"ಇದು ಹೆಸರಲ್ಲಮ್ಮ" ಎಂದೆ.

"ಹಾಗಾದ್ರೆ ಏನು?" ಎಂದಳು. "ತುಂಬಾ ಚೆನ್ನಾಗಿದೆ ಅನ್ನಿಸ್ತು ನಂಗೆ. ಆ ತೋಟ ಇನ್ನೂ ಬೆಳೀತಾ ಇದೆ ಅಂತ ಅಲ್ವಾ ಅರ್ಥ?"

ನಾನು ಫಲಕದ ಕಡೆ ತಿರುಗಿದೆ.

ಫೋಟೋ ನೋಡುತ್ತ ಎಷ್ಟು ಹೊತ್ತು ನಿಂತೆನೋ. ಕೊರಡು ಎಡಕ್ಕೆ ವಾಲಿದ್ದು, ಪಾಚಿ ಕಲ್ಲಿನಿಂದ ಇಳಿದದ್ದು, ಎಲ್ಲ ಸರಿ. ಆದರೆ ನಡುವೆ ಅಷ್ಟು ಮರಳನ್ನು ಏನೂ ನೆಡದೆ ಖಾಲಿ ಬಿಟ್ಟಿದ್ದೀಯಲ್ಲ, ಆ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ನಾವೆಲ್ಲ ತುಂಬುವವರು. ನೀನು ಒಂಬತ್ತು ವರ್ಷದ ಹಿಂದೆಯೂ ಹಾಗೆಯೇ ಬಿಟ್ಟಿದ್ದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಅಂದು ನಿನ್ನ ಫೋಟೋ ನೋಡಿದಾಗ ನನ್ನ ತೊಟ್ಟಿ ಅದರ ಮುಂದೆ ಏನೂ ಅಲ್ಲ ಎಂದು ಒಂದೇ ಉಸಿರಿಗೆ ಗೊತ್ತಾಯಿತು. ಬಳಗ ಕಟ್ಟಿದವಳು ನಾನು, ನಿನಗೆ ಮೊದಲ ಗಿಡ ಕೊಟ್ಟವಳೂ ನಾನು. ಹೊಟ್ಟೆಕಿಚ್ಚು, ರಿತ್ಸು. ಬೇರೆ ಹೆಸರಿಲ್ಲ ಅದಕ್ಕೆ. ನಮ್ಮೂರಿನಲ್ಲಿ ವಿನಯದ ಪದ ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ನೋಡು, ಅದನ್ನೇ ನಿನ್ನ ಮೇಲೆ ಎಸೆದೆ. ನಿನ್ನದನ್ನು ತಡೆದ ಮೇಲೆ ನನ್ನದನ್ನು ಯಾವ ಮುಖದಿಂದ ಇಡಲಿ? ಅದಕ್ಕೇ ಕಾರ್ಯದರ್ಶಿಯಾಗಿ ಉಳಿದೆ.

ಮುಂದಿನದು ನಿನ್ನ ಕೈಯಲ್ಲಿ. ಜೊತೆಗಿಟ್ಟಿರುವ ಅರ್ಜಿಯಲ್ಲಿ ಹೊಗಳುವವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದಿದ್ದೇನೆ. 'ನಾನು ನೋಡಿದ ತೊಟ್ಟಿಗಳಲ್ಲೆಲ್ಲ ಇದೇ ಚೆಂದ' ಎಂದು ಬರೆದಿದ್ದೇನೆ. ಆದರೆ ನಿನ್ನ ಮೊಹರಿಲ್ಲದೆ ಅದು ನಡೆಯುವುದಿಲ್ಲ. ಬೇಡ ಎಂದರೆ ನಾನೇ ಹೋಗಿ ಪಟ್ಟಿಯಿಂದ ಹೊಡೆದುಹಾಕುತ್ತೇನೆ. ಆಗ ಇಪ್ಪತ್ತನಾಲ್ಕಾಗುತ್ತದೆ. ಊರಿನ ಬಾಗಿಲನ್ನೆಲ್ಲ ತಟ್ಟಿ ಆಗಿದೆ, ತಟ್ಟಲು ಬಾಗಿಲು ಉಳಿದಿಲ್ಲ. ತಕಿಜಾವಾ-ಸಾನ್ ಹೆಂಡತಿ ಹಾಡುತ್ತಾಳೆ, ಸ್ಪರ್ಧೆ ಮುಗಿಯುತ್ತದೆ. ಆದರೂ ಹೊಡೆದುಹಾಕುತ್ತೇನೆ. ನಿನ್ನ ತೊಟ್ಟಿಯ ವಿಷಯದಲ್ಲಿ ಒಂದು ಸಲ ನಾನು ತೀರ್ಮಾನ ಮಾಡಿದ್ದು ಸಾಕು.

ಕಿನು


ರ್‍ಯೋತ್ಸು
ಮೇ ೨೪

ಕಿನು,

ತಕ್ಷಣ ಆ ಫೋಟೋ ಫಲಕದಿಂದ ತೆಗೆ! ತಕ್ಷಣ!

ನಿನಗೆ ಕಣ್ಣಿಲ್ಲವೇನೇ? ಆ ಗುಮಾಸ್ತೆಗಾದರೂ ಇಲ್ಲವೇ? ಬಲಗಡೆ ಮೂಲೆಯಲ್ಲಿ ಹೀಟರಿನ ವಯರು ಕಾಣುತ್ತದೆ. ನೀರಿನ ಮೇಲ್ಮೈ ಸತ್ತ ಹಾಗಿದೆ, ಹೇರ್ ಡ್ರೈಯರ್ ಹಿಡಿದು ಅಲೆ ಎಬ್ಬಿಸಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಗಾಜಿನಲ್ಲಿ ನನ್ನ ಗಂಡ ಬನಿಯನ್ ಹಾಕಿಕೊಂಡು ಹೆಗಲ ಮೇಲೆ ಟವೆಲ್ ಇಟ್ಟು ನಿಂತಿದ್ದಾನೆ! ಅರ್ಧ ಊರು ನೋಡಿತು ಎಂದು ಬರೆದಿದ್ದೀಯ. ಓದಿ ಹೇಳಿದರೆ ಅವನಿಗೆ ನಾಚಿಕೆಯೇ ಇಲ್ಲ. "ಪರ್ವಾಗಿಲ್ಲ ಬಿಡೆ, ಒಗುರಾ ನನ್ನ ಗುರುತು ಹಿಡಿದ್ನಂತಾ?" ಎನ್ನುತ್ತಾನೆ.

ಅದು ನಿನ್ನ ಮುಖಕ್ಕೆ ಎಸೆಯಲು ತೆಗೆದ ಫೋಟೋ. ಸ್ಪರ್ಧೆಗೆ ತೆಗೆಯುವುದು ಹಾಗಲ್ಲ. ನಿನ್ನೆ ಇಡೀ ದಿನ ಕೂತು ಬೇರೆ ತೆಗೆದೆ. ಪೈಪು, ವಯರು ಎಲ್ಲ ಹೊರಗೆ ತೆಗೆದು, ಎದುರಿಗೆ ಕಪ್ಪು ಬಟ್ಟೆ ಕಟ್ಟಿ, ಗಂಡನ ಕೈಗೆ ಡ್ರೈಯರ್ ಕೊಟ್ಟು ಕುರ್ಚಿಯ ಮೇಲೆ ನಿಲ್ಲಿಸಿ, ಇನ್ನೂರ ಹನ್ನೊಂದು ಸಲ ತೆಗೆದೆ. ಇನ್ನೂರ ನಾಲ್ಕನೆಯದರಲ್ಲಿ ಮೀನುಗಳೆಲ್ಲ ಒಂದೇ ಕಡೆ ತಿರುಗಿದವು. ಅದನ್ನು ಕಳಿಸಿದ್ದೇನೆ. ಅಂಚೆಯನ್ನು ನಂಬದೆ ಟಿಕೆಟ್ ಹುಡುಗಿಯ ಕೈಯಲ್ಲಿ ಕೊಟ್ಟಿದ್ದೇನೆ. ಅರ್ಜಿಗೆ ಮೊಹರು ಒತ್ತಿದೆ. ಹೆಸರು ಆ ಹುಡುಗಿ ಓದಿದ್ದೇ ಇರಲಿ. ನನ್ನ ಅರ್ಥಕ್ಕಿಂತ ಅವಳ ಅರ್ಥ ಚೆನ್ನಾಗಿದೆ.

ಎರಡು ಮಾತು ಬಾಕಿ.

ಒಂದು, ನಿನ್ನ ತೊಟ್ಟಿಯೂ ಬರಬೇಕು. ಹೊಗಳುವವರ ಜಾಗದಲ್ಲಿ ನನ್ನ ಹೆಸರು ಹಾಕಿಕೋ. 'ಮೊದಲ ಗಿಡ ಕೊಟ್ಟವಳು' ಎಂದು ಬರೆ.

ಎರಡನೆಯದು, ನಿನ್ನ ಪತ್ರ ಓದಿದೆ. ಅತ್ತೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಅತ್ತೆ. ಆದರೆ ಕಿನು, ಅಂದದ್ದು ಮೂವರ ಮುಂದೆ, ಕ್ಷಮೆ ಕೇಳಿದ್ದು ಅಂಟಿಸಿದ ಲಕೋಟೆಯಲ್ಲಿ. ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಹೋಗಿದೆ ಎಂದು ಬರೆದರೆ ನಾನೂ ವಿನಯದ ಸುಳ್ಳು ಹೇಳಿದ ಹಾಗಾಗುತ್ತದೆ.

ಜುಲೈಗೆ ನನ್ನ ಫೋಟೋ ಬರುತ್ತದೆ. ನಾನು ಬರುವುದಿಲ್ಲ.

ರಿತ್ಸು


ಸೆಕಿನೊ
ಜುಲೈ ೬, ಸೋಮವಾರ

ರಿತ್ಸು,

ಇವತ್ತು ಅಂಗಡಿಗೆ ರಜೆ. ಬೆಳಿಗ್ಗೆಯೇ ಬರೆಯಲು ಕೂತಿದ್ದೇನೆ. ನಿನ್ನೆ ನಡೆದದ್ದನ್ನು ಟಿಕೆಟ್ ಹುಡುಗಿ ನಿನಗೆ ಹೇಳುವ ಮೊದಲು ನಾನು ಹೇಳಬೇಕು.

ಇಪ್ಪತ್ತೇಳು! ನಿನ್ನದು, ನನ್ನದು, ಕೊನೆಯ ದಿನ ಓತಾಕೆ ಕೂಡ ತನ್ನ ಉಪ್ಪಿನಕಾಯಿ ಜಾಡಿಯಷ್ಟು ದೊಡ್ಡ ತೊಟ್ಟಿಯ ಫೋಟೋ ಇಟ್ಟಳು. ಗೋಡೆ ಈ ತುದಿಯಿಂದ ಆ ತುದಿಯವರೆಗೆ ತುಂಬಿತ್ತು. ಪ್ರತಿ ಫೋಟೋದ ಕೆಳಗೆ ಪಕ್ಕದ ಮನೆಯವರು ಬರೆದ ಹೊಗಳಿಕೆ. ಜನ ಫೋಟೋ ನೋಡಿದ್ದಕ್ಕಿಂತ ಅದನ್ನು ಓದಿದ್ದೇ ಹೆಚ್ಚು. ತಂಜಿ ಅಮ್ಮ ತನ್ನ ಬಗ್ಗೆ ಬರೆದದ್ದನ್ನು ಓದಲು ಕನ್ನಡಕ ಮರೆತು ಬಂದಿದ್ದರು. ಗುರುಗಳು ಗಟ್ಟಿಯಾಗಿ ಓದಿ ಹೇಳಿದರು, ಎರಡು ಸಲ. ತಕಿಜಾವಾ-ಸಾನ್ ಬಂದು, "ಮುಂದಿನ ವರ್ಷಕ್ಕೂ ಜುಲೈ ಮೊದಲ ಭಾನುವಾರ ಬರ್ಕೊಳ್ಳಿ ಇಗರಾಶಿ-ಸಾನ್" ಎಂದರು. ಚಹಾ ಕೊಡಲಿಲ್ಲ. ಅದೇ ದೊಡ್ಡ ಸಮಾಧಾನ.

ಮೊದಲ ಬಹುಮಾನ ಕುವಬಾರಾ-ಸಾನ್‌ಗೆ. ಜೀವಮಾನವೆಲ್ಲ ಶಪಿಸಿ ಕಿತ್ತ ಕಳೆಗೆ ಬಹುಮಾನ! ವೇದಿಕೆ ಹತ್ತಿ, "ಇನ್ನೂ, ಇನ್ನೂ" ಎಂದು ಬಗ್ಗಿ ಬಗ್ಗಿ ನಮಸ್ಕರಿಸಿ ಇಳಿಯುವಾಗ ಮೆಟ್ಟಿಲು ತಪ್ಪಿದರು. ಸಂತೋಷಕ್ಕೆ ಕಾಲು ಕಾಣಲಿಲ್ಲ ಪಾಪ.

ನನ್ನದು ಹತ್ತೊಂಬತ್ತ‌ನೆಯದು. ನಗು, ನಗು. ನಾನೂ ನಕ್ಕೆ. ಹತ್ತೊಂಬತ್ತು ಅಂದರೆ ನನ್ನ ಹಿಂದೆ ಎಂಟು ಜನ ಇದ್ದಾರೆ. ಒಂಬತ್ತು ವರ್ಷ ಹೆದರಿದ್ದು ಇಷ್ಟಕ್ಕೇನಾ ಎನ್ನಿಸಿತು.

ಎರಡನೆಯ ಬಹುಮಾನ: "ಇನ್ನೂ. ಸಾದೊ ದ್ವೀಪದ ಮಿನೆಗಿಶಿ ರಿತ್ಸು."

ಹಿರಿಯ ತೀರ್ಪುಗಾರರು ಆ ಖಾಲಿ ಮರಳಿನ ಮೇಲೆ ಬೆರಳಿಟ್ಟು, "ನಾನು ಇಲ್ಲಿ ನಡ್ಕೊಂಡು ಹೋಗ್ಬಹುದು ಅನ್ನಿಸ್ತು" ಎಂದರು. ನೀನಿಲ್ಲದ್ದರಿಂದ ಪ್ರಶಸ್ತಿ ಪತ್ರ ತೆಗೆದುಕೊಳ್ಳಲು ನನ್ನನ್ನು ಕರೆದರು. ಮೈಕು ಕೊಟ್ಟು, "ಗೆಳತಿ ಪರವಾಗಿ ಒಂದು ಮಾತು" ಎಂದರು.

ಒಬ್ಬರ ಪರವಾಗಿ ನಿಂತಾಗ ಏನು ಹೇಳಬೇಕೆಂದು ಎಲ್ಲರಿಗೂ ಗೊತ್ತು. ಅವಳದು ಏನೂ ಅಲ್ಲ, ಇನ್ನೂ ಕಲಿಯುತ್ತಿದ್ದಾಳೆ, ದಯವಿಟ್ಟು ತಿದ್ದಿ ಎನ್ನಬೇಕು. ಕೆಳಗೆ ಮುಂದಿನ ಸಾಲಿನಲ್ಲಿ ಒಗುರಾ-ಸಾನ್, ಕುವಬಾರಾ-ಸಾನ್, ಗುರುಗಳು, ಮೂವರೂ ಒಟ್ಟಿಗೆ ಕೂತಿದ್ದರು. ನಾನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಇದು ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಒಂಬತ್ತು ವರ್ಷದ ಹಿಂದೆ ರಿತ್ಸು ಒಂದು ಫೋಟೋ ಹಿಡ್ಕೊಂಡು ನನ್ನ ಅಂಗಡಿಗೆ ಬಂದಿದ್ಲು. ಈ ಮುಂದೆ ಕೂತಿರೋ ಮೂರು ಜನ ಅಲ್ಲೇ ಇದ್ರು. ಅದು ಇದಕ್ಕಿಂತ್ಲೂ ಚೆನ್ನಾಗಿತ್ತೋ ಏನೋ. ನಾನು 'ಇನ್ನೂ' ಅಂದೆ. ಸುಳ್ಳು ಹೇಳ್ದೆ. ಹೊಟ್ಟೆಕಿಚ್ಚಿಗೆ ಹೇಳ್ದೆ. ಅವಳು ಒಂಬತ್ತು ವರ್ಷ ಯಾರಿಗೂ ತೋರಿಸ್ಲಿಲ್ಲ. ಇವತ್ತು ನಿಮ್ಮೆಲ್ಲರ ಮುಂದೆ ಆ ಮಾತು ವಾಪಸ್ ತಗೋತೀನಿ. ರಿತ್ಸು, ನಿನ್ನ ತೊಟ್ಟಿ ಚೆನ್ನಾಗಿತ್ತು. ಚೆನ್ನಾಗಿದೆ. ನಂಗೆ ನಿನ್ ಮೇಲೆ ತುಂಬಾ ಹೆಮ್ಮೆ."

ನಮ್ಮೂರಿನಲ್ಲಿ ಮೈಕು ಹಿಡಿದು ಯಾರೂ ಇಂಥದ್ದು ಹೇಳಿದವರಲ್ಲ. ಮೈಕನ್ನು ಕೆಳಗಿಟ್ಟೆ. ಆಮೇಲೆ ಕುವಬಾರಾ-ಸಾನ್ ಎದ್ದರು. ಮಾತೇ ಆಡದ ಆ ಮನುಷ್ಯ, "ನಾನೂ ಅವತ್ತು ನೋಡ್ದೆ ಆ ಫೋಟೋನ. ಚೆನ್ನಾಗಿದೆ ಅನ್ನಿಸ್ತು. ಹೇಳ್ಲಿಲ್ಲ. ತಪ್ಪಾಯ್ತು" ಎಂದು ಸಾದೊ ಇರುವ ದಿಕ್ಕಿಗೆ ತಿರುಗಿ ಬಗ್ಗಿದರು. ದಿಕ್ಕು ತಪ್ಪಾಗಿತ್ತು, ಅದು ಅಡುಗೆಮನೆಯ ಬಾಗಿಲು. ಯಾರೂ ನಗಲಿಲ್ಲ. ಆಮೇಲೆ ಚಪ್ಪಾಳೆ.

ಪ್ರಶಸ್ತಿ ಪತ್ರ ನನ್ನ ಹತ್ತಿರ ಇದೆ. ಅಂಚೆಯಲ್ಲಿ ಮಡಿಸಿ ಕಳಿಸಲು ಮನಸ್ಸಾಗುತ್ತಿಲ್ಲ.

ಕಿನು


ರ್‍ಯೋತ್ಸು
ಜುಲೈ ೯

ಕಿನು,

ಪತ್ರವನ್ನು ದೋಣಿಕಟ್ಟೆಯಲ್ಲೇ ಒಡೆದೆ. ಮನೆಯವರೆಗೆ ತಡೆಯಲಾಗಲಿಲ್ಲ. ಗಂಡನಿಗೆ ಓದಿ ಹೇಳುತ್ತ ನಡುವೆ ಕಾಗದವನ್ನು ಅವನ ಕೈಗೆ ಕೊಟ್ಟುಬಿಟ್ಟೆ. ಉಳಿದದ್ದನ್ನು ಅವನೇ ಓದಿದ. ಓದಿ ಮುಗಿಸಿ, "ಎರಡನೇ ಬಹುಮಾನ" ಎಂದ. ಕಾಗದ ಮಡಿಸಿ ಮತ್ತೆ, "ಎರಡನೇ ಬಹುಮಾನ" ಎಂದ. ಈಗ ಪಕ್ಕದ ದೋಣಿಯವನಿಗೆ ಹೇಳಲು ಹೋಗಿದ್ದಾನೆ. ಡ್ರೈಯರ್ ಹಿಡಿದವನು ತಾನೆಂದು ಮೊದಲು ಹೇಳುತ್ತಾನೆ, ನೋಡುತ್ತಿರು.

ನನಗೂ ಹೆಮ್ಮೆಯಾಗಿದೆ. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ನನ್ನ ತೊಟ್ಟಿ ಚೆನ್ನಾಗಿದೆ. ನಾನೇ ಮಾಡಿದ್ದು. ನಿನ್ನ ಬಗ್ಗೆ ಅದಕ್ಕಿಂತ ಹೆಚ್ಚು ಹೆಮ್ಮೆ. ಹತ್ತೊಂಬತ್ತನೆಯವಳು ಮೈಕು ಹಿಡಿದು ಹಾಗೆ ನಿಲ್ಲುವುದು ಸಣ್ಣ ಮಾತಲ್ಲ.

ಪ್ರಶಸ್ತಿ ಪತ್ರ ಮಡಿಸಬೇಡ. ಶನಿವಾರದ ಮೊದಲ ಹಡಗಿಗೆ ಬರುತ್ತೇನೆ. ಹತ್ತೂವರೆಗೆ ನಿನ್ನ ಅಂಗಡಿಯಲ್ಲಿ ಇರುತ್ತೇನೆ. ಕುರ್ಚಿ ಖಾಲಿ ಇಟ್ಟಿರು. ಒಗುರಾ ಬಂದರೆ ಬೆಂಚಿನಲ್ಲಿ ಕಾಯಲಿ. ಈ ಒಂಬತ್ತು ವರ್ಷ ನನ್ನ ಕೂದಲನ್ನು ನಾನೇ ಕತ್ತರಿಸಿಕೊಂಡಿದ್ದೇನೆ ಕಣೇ. ಬೇರೆ ಯಾರ ಕತ್ತರಿಗೂ ತಲೆ ಒಡ್ಡಲು ಮನಸ್ಸಾಗಲಿಲ್ಲ.

ರಿತ್ಸು